ಮಾರ್ದನಿಯಿಂದ ಮೂಡುವ ಚಿತ್ರ



ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದವರಿಗೂ, ದಿನ ತುಂಬುತ್ತಿರುವ ಬಸುರಿಗೂ, ಮೂತ್ರಪಿಂಡದಲ್ಲಿ ಕಲ್ಲಿರಬಹುದೆಂಬ ಶಂಕೆಯುಳ್ಳವರಿಗೂ ‘ಒಂದು ಸ್ಕ್ಯಾನಿಂಗ್ ಮಾಡಿಸಿಕೊಂಡು ಬನ್ನಿ’ ಎಂದು ವೈದ್ಯರು ಚೀಟಿ ಬರೆದುಕೊಡುವುದು ಇಂದು ಸರ್ವಸಾಮಾನ್ಯವಾದ ಸಂಗತಿ. ನೀರು ಕುಡಿದು ಕಾದಿರಬೇಕು. ಮಂಚದ ಮೇಲೆ ಮಲಗಬೇಕು. ತಣ್ಣನೆಯ ಜೆಲ್ಲನ್ನು ಹೊಟ್ಟೆಗೆ ಸವರಿ, ಅದರ ಮೇಲೆ ವೈದ್ಯರು ಪ್ರೋಬ್ ಎಂಬ ಹಿಡಿಗಾತ್ರದ ಉಪಕರಣವನ್ನು ಒತ್ತಿ ಆಡಿಸುತ್ತಿರಲು, ಪಕ್ಕದ ತೆರೆಯ ಮೇಲೆ ಬೂದುಬಣ್ಣದ ಚಿತ್ರವೊಂದು ಅಲುಗಾಡುತ್ತ ಮೂಡುತ್ತದೆ. ಆ ಚಿತ್ರವನ್ನು ಬಿಡಿಸಿದ್ದು ಬೆಳಕಲ್ಲ, ಕ್ಷ-ಕಿರಣವೂ ಅಲ್ಲ. ಅದನ್ನು ಬಿಡಿಸಿದ್ದು ಧ್ವನಿ.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲದು. ಸ್ಕ್ಯಾನಿಂಗ್ ಯಂತ್ರದ ಧ್ವನಿಯಾದರೋ ಸೆಕೆಂಡಿಗೆ 20 ಲಕ್ಷದಿಂದ ಒಂದೂವರೆ ಕೋಟಿಯವರೆಗೆ ಕಂಪಿಸುತ್ತದೆ. ಈ ಶ್ರವಣಾತೀತ ಧ್ವನಿ ದೇಹದೊಳಕ್ಕೆ ಹೋಗಿ, ಅಂಗಾಂಗಗಳ ಅಂಚುಗಳಿಗೆ ತಾಗಿ, ಅತ್ಯಂತ ಕ್ಷೀಣವಾದ ಮಾರ್ದನಿಯಾಗಿ ಹಿಂದಿರುಗುತ್ತದೆ; ಹಾಗೆ ಹಿಂದಿರುಗಿದ ಮಾರ್ದನಿಯನ್ನು ವಿದ್ಯುತ್ತಿನ ಸಂಕೇತವನ್ನಾಗಿ ಪರಿವರ್ತಿಸಿ, ವರ್ಧಿಸಿ, ಕೂಡಿಸಿ, ಸೋಸಿ ಚಿತ್ರವಾಗಿ ನಿಲ್ಲಿಸುವ ವಿದ್ಯೆಗೆ ಸಂಕೇತ ಸಂಸ್ಕರಣೆ ಎಂದು ಹೆಸರು. ಈ ಸಂಸ್ಕರಣೆಯಿಂದ ಚಿತ್ರದ ಗುಣ ಹೇಗೆ ಹೆಚ್ಚುತ್ತದೆ, ಹೆಚ್ಚಿದಂತೆ ತೋರಿ ಹೇಗೆ ಕೆಡಲೂಬಹುದು ಎಂಬುದೇ ಈ ಹೊತ್ತಿನ ವಿಷಯ.

ಮೊದಲು ಸ್ವಲ್ಪ ಪೂರ್ವಕಥೆ. ಕೆಲವು ಸ್ಫಟಿಕಗಳನ್ನು ಒತ್ತಿದರೆ ಅವುಗಳ ಮೈಮೇಲೆ ವಿದ್ಯುತ್ತು ಹುಟ್ಟುತ್ತದೆಂದು ಫ್ರಾನ್ಸಿನ ಪಿಯೇರ್ ಮತ್ತು ಜಾಕ್ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಪಾಲ್ ಲ್ಯಾಂಜವಿನ್ ಅದೇ ಗುಣವನ್ನು ಬಳಸಿ, ನೀರಿನೊಳಗೆ ಶ್ರವಣಾತೀತ ಧ್ವನಿಯನ್ನು ಹರಿಯಬಿಟ್ಟು, ಜಲಾಂತರ್ಗಾಮಿಗಳ ಮಾರ್ದನಿಯನ್ನು ಹಿಡಿಯಲು ಯತ್ನಿಸಿದರು. ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಗೌರವದ ಸ್ಥಾನವುಂಟು: ಸರ್ ಸಿ. ವಿ. ರಾಮನ್ ಅವರೂ ಎನ್. ಎಸ್. ನಾಗೇಂದ್ರನಾಥರೂ ಶ್ರವಣಾತೀತ ತರಂಗಗಳು ಹಾಯುತ್ತಿರುವ ದ್ರವದಲ್ಲಿ ಬೆಳಕು ಹೇಗೆ ಚದರುತ್ತದೆಂಬುದನ್ನು ವಿವರಿಸುವ ಸಿದ್ಧಾಂತವನ್ನು 1935ರಿಂದ ಮೊದಲುಗೊಂಡು ಈ ನಗರದಿಂದಲೇ ಪ್ರಕಟಿಸಿದರು. ಇಂದಿಗೂ ಅದು ಅವರಿಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ವೈದ್ಯಕೀಯದಲ್ಲಿ ಮೊದಲು ಪ್ರಯತ್ನಿಸಿದವರಲ್ಲಿ ಆಸ್ಟ್ರಿಯದ ನರವೈದ್ಯ ಕಾರ್ಲ್ ಡುಸ್ಸಿಕ್ ಒಬ್ಬರು. 1942ರಲ್ಲಿ ಅವರು ತಲೆಯ ಒಂದು ಪಕ್ಕದಿಂದ ಧ್ವನಿಯನ್ನು ಹಾಯಿಸಿ, ಮತ್ತೊಂದು ಪಕ್ಕದಲ್ಲಿ ಅದನ್ನು ಹಿಡಿದು, ಮಿದುಳಿನೊಳಗಣ ದ್ರವಕೋಶಗಳ ಚಿತ್ರವನ್ನು ಪಡೆಯುವ ವಿಧಾನವನ್ನು ಪ್ರಕಟಿಸಿದರು. ಚಿತ್ರಗಳು ಬಂದುವು, ಅವು ನಂಬುವಂತೆಯೂ ಇದ್ದುವು. ಆದರೆ ಸುಮಾರು ಹತ್ತು ವರ್ಷಗಳ ತರುವಾಯ ಇತರರು ಪರೀಕ್ಷಿಸಿ ನೋಡಲಾಗಿ, ಆ ಆಕೃತಿಗಳ ಬಹುಭಾಗ ಮಿದುಳಿನದಾಗಿರದೆ, ತಲೆಬುರುಡೆಯ ಮೂಳೆ ಒಂದೆಡೆ ಹೆಚ್ಚಾಗಿಯೂ ಇನ್ನೊಂದೆಡೆ ಕಡಿಮೆಯಾಗಿಯೂ ಧ್ವನಿಯನ್ನು ಹೀರಿದ್ದರಿಂದ ಉಂಟಾದದ್ದೆಂದು ತಿಳಿದುಬಂದಿತು. ಡುಸ್ಸಿಕ್ ಮಹಾಶಯರ ಸಾಹಸವನ್ನು ನಾನು ಲಘುವಾಗಿ ಕಾಣುವವನಲ್ಲ. ಚಿತ್ರ ಸ್ಪಷ್ಟವಾಗಿರುವುದು ಒಂದು, ನಿಜವಾಗಿರುವುದು ಮತ್ತೊಂದು ಎಂಬುದನ್ನು ಈ ವಿದ್ಯೆ ತನ್ನ ಶೈಶವದಲ್ಲಿಯೇ ಅವರ ಮೂಲಕ ಕಲಿಯಿತು.

1955ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಸೂತಿವೈದ್ಯ ಇಯಾನ್ ಡೊನಾಲ್ಡ್, ಶಸ್ತ್ರಕ್ರಿಯೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ತುಂಬಿಕೊಂಡು, ಉಗಿಪಾತ್ರೆಗಳನ್ನು ತಯಾರಿಸುವ ಒಂದು ಕಾರ್ಖಾನೆಗೆ ಹೋದರು. ಹೋಲಿಕೆಗೆಂದು ದನದ ಮಾಂಸದ ತುಂಡೊಂದನ್ನೂ ಇಟ್ಟುಕೊಂಡಿದ್ದರು. ಲೋಹದೊಳಗಿನ ಬಿರುಕನ್ನು ಪತ್ತೆಹಚ್ಚುವ ಯಂತ್ರದಿಂದ ನೋಡಿದಾಗ, ನೀರು ತುಂಬಿದ ಗಡ್ಡೆಯ ಮಾರ್ದನಿಯೂ ಗಟ್ಟಿಯಾದ ಗಡ್ಡೆಯ ಮಾರ್ದನಿಯೂ ಬೇರೆಬೇರೆಯಾಗಿ ಕಂಡುವು. ಅವರೂ ಜಾನ್ ಮ್ಯಾಕ್‌ವಿಕರ್ ಮತ್ತು ಟಾಮ್ ಬ್ರೌನ್ ಅವರೂ ಸೇರಿ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಪದ್ಧತಿ ಆಸ್ಪತ್ರೆಗಳಲ್ಲಿ ನೆಲೆಯೂರಿತು.

ಇಷ್ಟರಿಂದ ಒಂದು ಮಾತು ಗೊತ್ತಾಯಿತು. ಯಂತ್ರ ಕಾಣುವುದಿಲ್ಲ, ಕೇಳುತ್ತದೆ. ಆದುದರಿಂದ ಅದಕ್ಕೆ ಏನು ಕೇಳಿಸುತ್ತದೆ ಎಂಬುದನ್ನು ಈಗ ವಿಚಾರಿಸೋಣ.

ಮೃದುವಾದ ಅಂಗಗಳಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಿಂದ ಸಾಗುತ್ತದೆ. 15 ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಅದಕ್ಕೆ ಬೇಕಾಗುವುದು ಸೆಕೆಂಡಿನ ಐದು ಸಾವಿರದಲ್ಲಿ ಒಂದು ಪಾಲು. ಮಾರ್ದನಿ ಎಷ್ಟು ತಡವಾಗಿ ಬಂದಿತೋ ಅಷ್ಟು ಆಳದಿಂದ ಬಂದಿತು. ಇದು ಚಿತ್ರದ ಮೂಲಸೂತ್ರ. ಆದರೆ ದಾರಿಯುದ್ದಕ್ಕೂ ದೇಹ ಧ್ವನಿಯನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಸೆಕೆಂಡಿಗೆ 30 ಲಕ್ಷ ಕಂಪನಗಳ ಧ್ವನಿ 10 ಸೆಂಟಿಮೀಟರ್ ಆಳಕ್ಕೆ ಹೋಗಿ ಬರುವಷ್ಟರಲ್ಲಿ ಈ ಹೀರಿಕೆಯಿಂದಲೇ ಅದರ ಶಕ್ತಿ ಸುಮಾರಾಗಿ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಂಪನಗಳನ್ನು ಇಮ್ಮಡಿಗೊಳಿಸಿ 60 ಲಕ್ಷವಾಗಿ ಮಾಡಿದರೆ ಉಳಿಯುವುದು ಹತ್ತು ಲಕ್ಷದಲ್ಲಿ ಒಂದು ಪಾಲು. ಕಂಪನ ಹೆಚ್ಚಿದಷ್ಟೂ ಸೂಕ್ಷ್ಮವಾದ ವಿವರ ಕಾಣುತ್ತದೆ ನಿಜ. ಆದರೆ ಆಳ ತಪ್ಪಿಹೋಗುತ್ತದೆ. ಹಾಗೆಂದು ಇನ್ನೂ ಬಲವಾಗಿ ಧ್ವನಿಯನ್ನು ಕಳುಹಿಸೋಣವೆಂದರೆ ರೋಗಿಯ ಕ್ಷೇಮಕ್ಕಾಗಿ ವಿಧಿಸಿದ ಮಿತಿಯೊಂದಿದೆ. ಬಲವನ್ನು ಹೆಚ್ಚಿಸುವಂತಿಲ್ಲ, ಬಂದ ಮಾರ್ದನಿಯನ್ನೇ ಜಾಣತನದಿಂದ ಬಳಸಬೇಕು.

ಮೊದಲನೆಯ ಸಂಸ್ಕಾರ ಈ ನಷ್ಟಕ್ಕೆ ಪರಿಹಾರವನ್ನು ಕೊಡುವುದು. ತಡವಾಗಿ ಬಂದ ಸಂಕೇತವನ್ನು, ಅದು ತಡವಾದ ಪ್ರಮಾಣಕ್ಕನುಗುಣವಾಗಿ, ಹೆಚ್ಚು ಹೆಚ್ಚಾಗಿ ವರ್ಧಿಸುತ್ತ ಹೋಗುತ್ತಾರೆ. ಯಂತ್ರದ ಫಲಕದ ಮೇಲೆ ಒಂದರ ಕೆಳಗೊಂದರಂತೆ ಪಕ್ಕಕ್ಕೆ ಸರಿಯುವ ಗುಂಡಿಗಳ ಸಾಲೊಂದನ್ನು ನೀವು ಕಂಡಿರಬಹುದು. ಒಂದೊಂದು ಗುಂಡಿ ಒಂದೊಂದು ಆಳದ ವರ್ಧನೆಯನ್ನು ಆಳುತ್ತದೆ. ಇಲ್ಲಿ ಒಂದು ಸ್ವಾರಸ್ಯವಿದೆ. ನೀರು ಧ್ವನಿಯನ್ನು ಬಹಳ ಕಡಿಮೆ ಹೀರುತ್ತದೆ. ನೀರು ತುಂಬಿದ ಗುಳ್ಳೆಯನ್ನು ಹಾದುಬಂದ ಧ್ವನಿ ಹೆಚ್ಚು ಕ್ಷೀಣಿಸಿರುವುದಿಲ್ಲ. ಯಂತ್ರವಾದರೋ ಕ್ಷೀಣಿಸಿದೆಯೆಂದೇ ಭಾವಿಸಿ ಅದನ್ನು ವರ್ಧಿಸುತ್ತದೆ. ಪರಿಣಾಮವಾಗಿ ಗುಳ್ಳೆಯ ಹಿಂದಿನ ಭಾಗ ಅತಿಯಾಗಿ ಬೆಳ್ಳಗೆ ಕಾಣುತ್ತದೆ. ಲೆಕ್ಕದ ದೃಷ್ಟಿಯಿಂದ ಇದು ದೋಷ. ವೈದ್ಯರಿಗಾದರೋ ಇದು ದೊಡ್ಡ ಉಪಕಾರ: ಕಪ್ಪಾದ ಗುಂಡು, ಅದರ ಹಿಂದೆ ಬಿಳಿಯ ಪಟ್ಟೆ ಕಂಡರೆ, ಒಳಗಿರುವುದು ನೀರು, ಗಟ್ಟಿಯಾದ ಗಡ್ಡೆಯಲ್ಲ ಎಂದು ಅವರು ಬಹುಮಟ್ಟಿಗೆ ಧೈರ್ಯದಿಂದ ಹೇಳಬಲ್ಲರು.

ನಷ್ಟವನ್ನು ತುಂಬಿಕೊಂಡದ್ದಾಯಿತು. ಎರಡನೆಯದು, ಬಂದ ಮಾರ್ದನಿ ಯಾವ ದಿಕ್ಕಿನಿಂದ ಬಂದಿತೆಂಬುದನ್ನು ಗೊತ್ತುಮಾಡುವುದು.

ಪ್ರೋಬಿನ ಮುಖದಲ್ಲಿ ಧ್ವನಿಯನ್ನು ಹಿಡಿಯುವ ತುಣುಕು ಒಂದೇ ಅಲ್ಲ, ಸಾಧಾರಣವಾಗಿ ನೂರಕ್ಕೂ ಮಿಗಿಲಾದ ಪುಟ್ಟ ತುಣುಕುಗಳು ಸಾಲಾಗಿ ಕೂತಿರುತ್ತವೆ. ದೇಹದೊಳಗಿನ ಒಂದು ಬಿಂದುವಿನಿಂದ ಹೊರಟ ಮಾರ್ದನಿ ನಡುವಿನ ತುಣುಕನ್ನು ಮೊದಲು ತಲುಪುತ್ತದೆ, ಅಂಚಿನ ತುಣುಕುಗಳನ್ನು ಕ್ಷಣಾರ್ಧ ತಡವಾಗಿ ತಲುಪುತ್ತದೆ. ಊರಿನ ಭಜನೆಯ ಮೇಳದಲ್ಲಿ ಗುಡಿಯ ಪಕ್ಕದ ಮನೆಯವರು ಮೊದಲೇ ಬಂದರೂ ದೂರದ ಕೇರಿಯವರು ಬರುವ ತನಕ ಕಾದಿದ್ದು, ಎಲ್ಲರೂ ಕೂಡಿದ ಮೇಲೆ ಒಂದೇ ಕಂಠದಿಂದ ಹಾಡನ್ನು ಎತ್ತಿಕೊಳ್ಳುತ್ತಾರಲ್ಲವೇ, ಹಾಗೆ ಯಂತ್ರವೂ ಮುಂಚೆ ಬಂದ ಸಂಕೇತಗಳನ್ನು ತಕ್ಕಷ್ಟು ಹೊತ್ತು ತಡೆದಿಟ್ಟು, ಕಡೆಯದು ಬಂದೊಡನೆ ಎಲ್ಲವನ್ನೂ ಕೂಡಿಸುತ್ತದೆ. ಆಗ ಆ ಬಿಂದುವಿನ ಮಾರ್ದನಿ ಬಲಗೊಳ್ಳುತ್ತದೆ. ಬೇರೆ ಕಡೆಯಿಂದ ಬಂದವುಗಳು ಮೇಳವಿಲ್ಲದೆ ಪರಸ್ಪರ ಅಳಿಸಿಹೋಗುತ್ತವೆ. ಆಳ ಬದಲಾದಂತೆಲ್ಲ ತಡೆಯಬೇಕಾದ ಕಾಲವೂ ಬದಲಾಗುವುದರಿಂದ ಈ ಲೆಕ್ಕವನ್ನು ಪ್ರತಿಯೊಂದು ಬಿಂದುವಿಗೂ ಹೊಸದಾಗಿ ಮಾಡಬೇಕು.

ಈ ಲೆಕ್ಕದ ಬುನಾದಿಯಲ್ಲಿ ಒಂದು ಊಹೆಯಿದೆ. ದೇಹದ ಎಲ್ಲ ಕಡೆಯೂ ಧ್ವನಿಯ ವೇಗ ಒಂದೇ, ಸೆಕೆಂಡಿಗೆ 1,540 ಮೀಟರ್, ಎಂದು ಯಂತ್ರ ನಂಬಿರುತ್ತದೆ. ಕೊಬ್ಬಿನಲ್ಲಿ ಧ್ವನಿ ಇದಕ್ಕಿಂತ ನಿಧಾನವಾಗಿ ಸಾಗುತ್ತದೆ. ಸ್ಥೂಲಕಾಯರ ಚಿತ್ರ ಮಸುಕಾಗಿ ಬರುವುದಕ್ಕೆ ಇದೂ ಒಂದು ಕಾರಣ: ಕಾಯಬೇಕಾದ ಕಾಲದ ಲೆಕ್ಕ ತಪ್ಪಿ, ಮೇಳ ಕದಡುತ್ತದೆ. ಈಗಿನ ಕೆಲವು ಯಂತ್ರಗಳು ಬೇರೆಬೇರೆ ವೇಗಗಳನ್ನು ಊಹಿಸಿ, ಯಾವುದರಿಂದ ಚಿತ್ರ ಅತ್ಯಂತ ಹರಿತವಾಗಿ ನಿಲ್ಲುವುದೋ ಅದನ್ನು ಆರಿಸಿಕೊಳ್ಳುತ್ತವೆ. ಸ್ಕ್ಯಾನಿಂಗ್‌ನಲ್ಲಿ ಸರಿಯಾಗಿ ಕಾಣಲಿಲ್ಲವೆಂದು ಹಿಂದಿರುಗುವ ರೋಗಿ ತನ್ನ ದೇಹವನ್ನೇ ದೂರಿಕೊಳ್ಳಬೇಕಾಗಿಲ್ಲ. ಕುಂದು ಲೆಕ್ಕದಲ್ಲಿಯೂ ಇರುತ್ತದೆ.

ಹೀಗೆ ಬಲವೂ ಬಂದಿತು, ದಿಕ್ಕೂ ತಿಳಿಯಿತು. ಈಗ ಅದನ್ನು ಕಣ್ಣಿಗೆ ತೋರಿಸಬೇಕು. ಇಲ್ಲಿಯೇ ಈ ವಿದ್ಯೆಯ ಒಂದು ದೊಡ್ಡ ತಿರುವು ಸಂಭವಿಸಿತು.

ಮೊದಲಿನ ಯಂತ್ರಗಳ ತೆರೆಯ ಮೇಲೆ ಇದ್ದುದು ಎರಡೇ ಸ್ಥಿತಿ: ಚುಕ್ಕೆ ಉಂಟು, ಇಲ್ಲವೆ ಚುಕ್ಕೆ ಇಲ್ಲ. ಬಲವಾದ ಮಾರ್ದನಿಗಳು ಮಾತ್ರ ಅದರಲ್ಲಿ ಕಾಣುತ್ತಿದ್ದುವು. ಮಗುವಿನ ತಲೆಯ ಸುತ್ತುಗೆರೆ ಕಾಣುತ್ತಿತ್ತು. ಒಳಗಿನ ಹುರುಳು ಕಾಣುತ್ತಿರಲಿಲ್ಲ. ಯಕೃತ್ತಿನ ಅಂಚು ಮೂಡುತ್ತಿತ್ತು. ಯಕೃತ್ತಿನ ಮೈ ಬರಿದಾಗಿರುತ್ತಿತ್ತು. ಬಲವಾದ ಮಾರ್ದನಿಗೂ ದುರ್ಬಲವಾದ ಮಾರ್ದನಿಗೂ ಇರುವ ಅಂತರವಾದರೋ ಹತ್ತು ಲಕ್ಷ ಪಾಲಿಗೂ ಮೀರಬಹುದು. ಅಷ್ಟು ಅಂತರವನ್ನು ಯಾವ ತೆರೆಯೂ ಯಥಾವತ್ತಾಗಿ ತೋರಿಸಲಾರದು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಜಾರ್ಜ್ ಕೊಸೋಫ್, ಪ್ರಸೂತಿವೈದ್ಯ ವಿಲಿಯಂ ಗ್ಯಾರೆಟ್ ಮತ್ತು ಅವರ ಸಹೋದ್ಯೋಗಿಗಳು 1970ರ ಆಸುಪಾಸಿನಲ್ಲಿ ಇದಕ್ಕೊಂದು ದಾರಿಯನ್ನು ಮಾಡಿಕೊಟ್ಟರು. ಬಲವಾದ ಮಾರ್ದನಿಗಳ ವ್ಯಾಪ್ತಿಯನ್ನು ಕುಗ್ಗಿಸಿ, ದುರ್ಬಲವಾದವುಗಳಿಗೆ ತೆರೆಯ ಮೇಲೆ ವಿಶಾಲವಾದ ಎಡೆಯನ್ನು ಬಿಟ್ಟುಕೊಟ್ಟು, ಕಪ್ಪಿನಿಂದ ಬಿಳುಪಿನವರೆಗೆ ಬೂದುಬಣ್ಣದ ಅನೇಕ ಮೆಟ್ಟಿಲುಗಳಲ್ಲಿ ಅವನ್ನು ತೋರಿಸಿದರು. ಗಣಿತದ ಲಾಗರಿದಮ್ ಶಾಲೆಯಲ್ಲಿ ಓದಿದವರಿಗೆ ನೆನಪಿರಬಹುದು. ಈ ಕುಗ್ಗಿಸುವಿಕೆಗೆ ಇಂದು ಬಳಸುವುದು ಅದನ್ನೇ. ಈಗಿನ ತೆರೆಗಳಲ್ಲಿ ಸುಮಾರು 250 ಮೆಟ್ಟಿಲುಗಳಿವೆ. ಅಂಗದ ಅಂಚಷ್ಟೇ ಅಲ್ಲದೆ ಅಂಗದ ಮೈಯೂ ಮೊತ್ತಮೊದಲಿಗೆ ಕಣ್ಣಿಗೆ ಬಿದ್ದದ್ದು ಹೀಗೆ. ಈ ವಿದ್ಯೆಯ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಇದು. ಹೊಸ ಧ್ವನಿಯೇನೂ ಇಲ್ಲದೆ, ಹಿಂದೆಯೂ ಬರುತ್ತಿದ್ದ ಕ್ಷೀಣವಾದ ಮಾರ್ದನಿಗೆ ಸಲ್ಲಬೇಕಾದ ಸ್ಥಾನವನ್ನು ಸಲ್ಲಿಸಿದ್ದರಿಂದಲೇ ಇಷ್ಟೂ ಆಯಿತು.

ಆದರೆ ಅಂಗದ ಮೈ ಕಂಡೊಡನೆ ಅದರೊಡನೆಯೇ ಹೊಸದೊಂದು ತೊಡಕೂ ಕಂಡಿತು. ಚಿತ್ರವೆಲ್ಲ ಕಣಕಣವಾಗಿ, ಚುಕ್ಕೆಚುಕ್ಕೆಯಾಗಿ ತೋರುತ್ತದೆ. ಇದನ್ನು ತಜ್ಞರು ಸ್ಪೆಕಲ್ ಎನ್ನುತ್ತಾರೆ. ಯಕೃತ್ತಿನೊಳಗೆ ಧ್ವನಿಯ ತರಂಗದೂರಕ್ಕಿಂತಲೂ ಕಿರಿದಾದ ಅಸಂಖ್ಯಾತ ಕಣಗಳಿವೆ. ಒಂದೊಂದೂ ತನ್ನದೊಂದು ಮಾರ್ದನಿಯನ್ನು ಕಳುಹಿಸುತ್ತದೆ. ಇವು ಒಂದಕ್ಕೊಂದು ಕೂಡಿದೆಡೆಯಲ್ಲಿ ಬಿಳಿ, ಕಳೆದುಹೋದೆಡೆಯಲ್ಲಿ ಕಪ್ಪು. ಅಂಕೆಯಿಲ್ಲದ ಅನೇಕ ಕಂಪನಗಳು ಒಂದುಗೂಡಿದರೆ ಒಟ್ಟು ಮೊತ್ತ ಯಾವ ರೀತಿ ಹಂಚಿಕೊಂಡಿರುತ್ತದೆಂಬುದನ್ನು ಇಂಗ್ಲೆಂಡಿನ ಲಾರ್ಡ್ ರೇಲೀ 1880ರಲ್ಲಿಯೇ ಗಣಿಸಿ ತೋರಿಸಿದ್ದರು.  ಚಿತ್ರದ ಚುಕ್ಕೆಗಳು ಬಹುಮಟ್ಟಿಗೆ ರೇಲೀ ಅವರ ನಿಯಮವನ್ನೇ ಅನುಸರಿಸುತ್ತವೆ. ಚುಕ್ಕೆಯೊಂದು ಕಂಡಿತೆಂದರೆ ಅಲ್ಲಿ ಕಣವೊಂದಿದೆ ಎಂದರ್ಥವಲ್ಲ. ಅದೇ ಜಾಗವನ್ನು ಬೇರೊಂದು ಕೋನದಿಂದ ನೋಡಿದರೆ ಚುಕ್ಕೆಗಳ ವಿನ್ಯಾಸವೇ ಬೇರೆಯಾಗುತ್ತದೆ.

ಚುಕ್ಕೆಗಳ ನಡುವೆ ಚಿಕ್ಕದಾದ ಗಡ್ಡೆ ಅಡಗಿಹೋಗಬಹುದು. ಆದುದರಿಂದ ಅವನ್ನು ಸೋಸುವ ಉಪಾಯಗಳನ್ನು ಅನೇಕರು ಹುಡುಕಿದರು. ನೆರೆಹೊರೆಯ ಬಿಂದುಗಳ ಸರಾಸರಿಯನ್ನು ತೆಗೆದರೆ ಚುಕ್ಕೆ ಅಳಿಯುತ್ತದೆ, ಆದರೆ ಅಂಚೂ ಅಳಿಯುತ್ತದೆ. ರಾಡಾರ್ ಚಿತ್ರಗಳಿಗಾಗಿ 1980ರ ಸುಮಾರಿಗೆ ರೂಪುಗೊಂಡ, ಲೀ ಎಂಬವರ ಸೋಸುವ ವಿಧಾನ ಮೊದಲು ನೆರೆಹೊರೆಯನ್ನು ಪರೀಕ್ಷಿಸುತ್ತದೆ: ಅಲ್ಲಿ ಏರಿಳಿತ ಬರಿಯ ಚುಕ್ಕೆಗಳಿಗೆ ತಕ್ಕಷ್ಟೇ ಇದ್ದರೆ ಸರಾಸರಿಯನ್ನು ತೆಗೆದುಕೊಳ್ಳುತ್ತದೆ, ಅದಕ್ಕೂ ಮೀರಿದ್ದರೆ ಅಂಚೊಂದು ಇರಬಹುದೆಂದು ಮೂಲವನ್ನೇ ಉಳಿಸುತ್ತದೆ. 1990ರಲ್ಲಿ ಪೆರೋನಾ ಮತ್ತು ಮಲಿಕ್ ಎಂಬವರು, ನಯಗೊಳಿಸುವಿಕೆ ಅಂಚಿನವರೆಗೂ ಹರಡಿ ಅಂಚಿನಲ್ಲಿ ನಿಲ್ಲುವಂತೆ ಮಾಡುವ ಸಮೀಕರಣವೊಂದನ್ನು ಮುಂದಿಟ್ಟರು. 2002ರಲ್ಲಿ ಯೂ ಮತ್ತು ಆಕ್ಟನ್ ಎಂಬವರು ಅದನ್ನು ಚುಕ್ಕೆಗಳ ಸ್ವಭಾವಕ್ಕೆ ಒಗ್ಗಿಸಿದರು.

ಹಾಗಾದರೆ ಚುಕ್ಕೆಗಳನ್ನೆಲ್ಲ ಒರಸಿಬಿಡಬಹುದೇ? ಬೇಡವೆಂದೇ ನಾನು ಹೇಳುವೆನು. ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡಿದೆಯೇ ಎಂದು ನೋಡುವ ವೈದ್ಯರು ಅದರ ಮೈಯ ಹೊಳಪನ್ನು ಪಕ್ಕದ ಮೂತ್ರಪಿಂಡದ ಹೊಳಪಿನೊಡನೆ ಹೋಲಿಸುತ್ತಾರೆ. ಅದು ನಯವೋ ಒರಟೋ ಎಂದು ಪರಿಶೀಲಿಸುತ್ತಾರೆ. ಆ ಒರಟುತನ ಅವರಿಗೆ ಗೋಚರವಾಗುವುದು ಈ ಚುಕ್ಕೆಗಳ ಮೂಲಕವೇ. ಹೃದಯದ ವಿಷಯದಲ್ಲಂತೂ ಇನ್ನೂ ಸೊಗಸಾದ ಸಂಗತಿಯಿದೆ. ಸ್ನಾಯು ಮಿಡಿದಾಗ ಚುಕ್ಕೆಗಳ ವಿನ್ಯಾಸ ಅದರೊಡನೆಯೇ ಸರಿಯುತ್ತದೆ. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಆ ವಿನ್ಯಾಸವನ್ನು ಹಿಂಬಾಲಿಸಿ, ಹೃದಯದ ಗೋಡೆಯ ಯಾವ ಭಾಗ ಎಷ್ಟು ಕುಗ್ಗುತ್ತಿದೆಯೆಂದು ಅಳೆಯುತ್ತಾರೆ. ಒಬ್ಬರು ಕಸವೆಂದು ಗುಡಿಸಹೊರಟದ್ದೇ ಇನ್ನೊಬ್ಬರಿಗೆ ಅಳತೆಯ ಸಾಧನವಾಯಿತು.

ಚುಕ್ಕೆಯನ್ನು ತಗ್ಗಿಸಲು ಸೋಸುವುದಕ್ಕಿಂತ ಪ್ರಾಮಾಣಿಕವಾದ ಇನ್ನೊಂದು ಮಾರ್ಗವಿದೆ. ಒಂದೇ ಜಾಗವನ್ನು ಹಲವು ಕೋನಗಳಿಂದ ನೋಡಿ ಆ ಚಿತ್ರಗಳ ಸರಾಸರಿಯನ್ನು ತೆಗೆಯುವುದು. ನಿಜವಾದ ಅಂಗ ಎಲ್ಲ ಚಿತ್ರಗಳಲ್ಲಿಯೂ ಇರುತ್ತದೆ. ಚುಕ್ಕೆಗಳು ಮಾತ್ರ ಬದಲಾಗುತ್ತವೆ. ಪರಸ್ಪರ ಸಂಬಂಧವಿಲ್ಲದ ಒಂಬತ್ತು ಚಿತ್ರಗಳು ದೊರೆತರೆ ಚುಕ್ಕೆಗಳ ಏರಿಳಿತ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದರಿಂದ ಅಂಚುಗಳು ಅಖಂಡವಾಗಿ, ನೋಟಕ್ಕೆ ಹಿತವಾಗಿ ನಿಲ್ಲುತ್ತವೆ.

ಆದರೆ ಈ ಮಾರ್ಗಕ್ಕೂ ಒಂದು ಬೆಲೆಯುಂಟು. ಈಗ ಪಿತ್ತಕೋಶದಲ್ಲಿ ಕಲ್ಲಿರುವ ರೋಗಿಯೊಬ್ಬರನ್ನು ಭಾವಿಸಿಕೊಳ್ಳಿ. ತೆರೆಯ ಮೇಲೆ ಪಿತ್ತಕೋಶ ಉದ್ದನೆಯ ಕಪ್ಪು ಚೀಲದಂತೆ ಇರುತ್ತದೆ. ಅದರ ತಳದಲ್ಲಿ ಬಿಲ್ಲಿನಾಕಾರದ ಬಿಳಿಯ ಹೊಳಪು. ಆ ಹೊಳಪಿನ ಹಿಂದೆ, ಧ್ವನಿ ಮುಂದೆ ಹೋಗಲಾರದ್ದರಿಂದ, ನೇರವಾದ ಕಪ್ಪು ನೆರಳು. ರೋಗಿ ಮಗ್ಗುಲು ಬದಲಿಸಿದರೆ ಹೊಳಪೂ ಉರುಳುತ್ತದೆ, ನೆರಳೂ ಒಡನೆಯೇ ಸರಿಯುತ್ತದೆ. ಉರುಳುವಿಕೆಯೂ ನೆರಳೂ ಕಲ್ಲಿನ ಗುರುತುಗಳು. ಹಲವು ಕೋನಗಳ ಸರಾಸರಿಯಲ್ಲಾದರೋ ಒಂದು ಕೋನದಲ್ಲಿ ನೆರಳಿದ್ದ ಕಡೆ ಇನ್ನೊಂದು ಕೋನದಿಂದ ಧ್ವನಿ ನುಗ್ಗುತ್ತದೆ. ನೆರಳು ತೆಳುವಾಗುತ್ತದೆ, ಕಲ್ಲು ಚಿಕ್ಕದಾಗಿದ್ದರೆ ಮಾಯವೇ ಆಗಬಹುದು. ಚಿತ್ರ ಅಂದವಾಯಿತು, ಗುರುತು ಹೋಯಿತು. ಆದುದರಿಂದಲೇ ಅನುಭವಿಗಳಾದ ವೈದ್ಯರು ಸಂದೇಹ ಬಂದೊಡನೆ ಗುಂಡಿಯೊಂದನ್ನು ಒತ್ತಿ ಆ ಸಂಸ್ಕಾರವನ್ನು ತೆಗೆದುಹಾಕಿ, ಒಂದೇ ಕೋನದ ಒರಟು ಚಿತ್ರವನ್ನು ನೋಡುತ್ತಾರೆ.

ಚಿತ್ರವನ್ನು ತಿಳಿಗೊಳಿಸುವ ಮತ್ತೊಂದು ಉಪಾಯವೂ ಇದೆ. ದೇಹದಲ್ಲಿ ಸಾಗುತ್ತಿರುವಾಗ ಧ್ವನಿ ತಾನೇತಾನಾಗಿ ಇಮ್ಮಡಿ ಕಂಪನದ ಅಂಶವೊಂದನ್ನು ಪಡೆದುಕೊಳ್ಳುತ್ತದೆ. ಅದನ್ನು ಮಾತ್ರ ಆರಿಸಿಕೊಂಡರೆ ಚರ್ಮದ ಬಳಿಯ ಗೊಂದಲ ಬಹಳಷ್ಟು ಕಳೆಯುತ್ತದೆ. 1990ರ ದಶಕದ ಕಡೆಯಿಂದ ಬಳಕೆಗೆ ಬಂದ ಈ ಉಪಾಯ ಸ್ಥೂಲದೇಹಿಗಳ ಚಿತ್ರವನ್ನು ಎಷ್ಟೋ ಸುಧಾರಿಸಿದೆ.

ಇದುವರೆಗೆ ಹೇಳಿದ ಎಲ್ಲ ವಿಧಾನಗಳಲ್ಲಿಯೂ ಲೆಕ್ಕ ಏನು ಮಾಡುತ್ತಿದೆಯೆಂದು ನಮಗೆ ಗೊತ್ತಿರುತ್ತದೆ. ಇತ್ತೀಚಿನ ಒಂದು ಬಗೆ ಮಾತ್ರ ಹಾಗಲ್ಲ. ಸಹಸ್ರಾರು ಚಿತ್ರಗಳನ್ನು ಗಣಕಯಂತ್ರಕ್ಕೆ ತೋರಿಸಿ, ಮಸುಕಾದ ಚಿತ್ರದಿಂದ ಸ್ಪಷ್ಟವಾದ ಚಿತ್ರವನ್ನು ತಾನೇ ರಚಿಸುವಂತೆ ಅದನ್ನು ಪಳಗಿಸುತ್ತಾರೆ. ಫಲ ಬೆರಗುಗೊಳಿಸುವಂಥದು. ಮೊಬೈಲ್ ಫೋನಿಗೆ ಜೋಡಿಸುವ ಚಿಕ್ಕ ಪ್ರೋಬುಗಳು ಹಳ್ಳಿಹಳ್ಳಿಗೆ ಹೋಗಬಲ್ಲ ಈ ಕಾಲದಲ್ಲಿ, ಅಗ್ಗದ ಉಪಕರಣದಿಂದ ಒಳ್ಳೆಯ ಚಿತ್ರ ದೊರೆಯುವುದಾದರೆ ಅದು ಬಡವರ ಪಾಲಿಗೆ ಮಹೋಪಕಾರವೇ ಸರಿ. ಆದರೆ ಪಳಗಿದ ಯಂತ್ರ ತಾನು ಸಾಮಾನ್ಯವಾಗಿ ಕಂಡದ್ದನ್ನೇ ಮತ್ತೆ ಬಿಡಿಸಲೊಲಿಯುತ್ತದೆ. ಅಪರೂಪದ ಗಡ್ಡೆಯನ್ನು ಅದು ನಯಗೊಳಿಸಿ ಅಳಿಸಬಹುದು. ಇಲ್ಲದ ಅಂಚನ್ನು ಎಳೆಯಲೂಬಹುದು.

ಇದನ್ನು ಪರೀಕ್ಷಿಸುವ ಕ್ರಮ ಇದೆ. ಜೆಲಟಿನ್ ಅಥವಾ ಅಗರಿನಂತಹ ಪಾಕದಲ್ಲಿ ಗ್ರಾಫೈಟಿನ ಪುಡಿಯನ್ನು ಬೆರೆಸಿ ಅಂಗದಂತೆಯೇ ಮಾರ್ದನಿಗೊಡುವ ದಿಂಡನ್ನು ಎರಕ ಹೊಯ್ಯುತ್ತಾರೆ. ಅದರೊಳಗೆ ಗೊತ್ತಾದ ಆಳಗಳಲ್ಲಿ ನೈಲಾನ್ ಎಳೆಗಳನ್ನು ಬಿಗಿದಿರುತ್ತಾರೆ, ಗೊತ್ತಾದ ಗಾತ್ರದ ಟೊಳ್ಳುಗಳನ್ನು ಬಿಟ್ಟಿರುತ್ತಾರೆ. ಎಳೆ ಎಳೆಯಷ್ಟೇ ತೆಳ್ಳಗೆ ಕಾಣುವುದೇ, ಟೊಳ್ಳಿನೊಳಗೆ ಏನಾದರೂ ಹುಟ್ಟಿಕೊಂಡಿತೇ ಎಂದು ನೋಡಬಹುದು. ಹೊಸ ವಿಧಾನ ಯಾವುದೇ ಆಗಲಿ, ಇಂಥ ದಿಂಡಿನ ಮೇಲೆಯೂ ಆಮೇಲೆ ಬಗೆಬಗೆಯ ಮೈಕಟ್ಟಿನ ರೋಗಿಗಳ ಮೇಲೆಯೂ ಪರೀಕ್ಷೆಗೊಂಡ ನಂತರವೇ ಅದು ತಾಲ್ಲೂಕು ಆಸ್ಪತ್ರೆಗೆ ಬರತಕ್ಕದ್ದು. ಬಂದ ಮೇಲೂ ಸಂಸ್ಕಾರಕ್ಕೆ ಮುಂಚಿನ ಮಾರ್ದನಿಯನ್ನು ಯಂತ್ರ ಕಾದಿಟ್ಟಿರತಕ್ಕದ್ದು. ಅದನ್ನು ತೆರೆದು ನೋಡುವ ಗುಂಡಿ ಅಲ್ಲಿಯ ವೈದ್ಯರ ಕೈಗೆ ಎಟುಕುವಂತಿರತಕ್ಕದ್ದು. ಆಸ್ಪತ್ರೆಗಳಿಗೆ ಯಂತ್ರಗಳನ್ನು ಕೊಳ್ಳುವವರು ಬೆಲೆಯನ್ನು ಕೇಳುವ ಮೊದಲು ಈ ಮೂರನ್ನು ಕೇಳಬೇಕೆಂದು ಅವರಲ್ಲಿ ನನ್ನ ವಿನಂತಿ.